ಹಿತ್ತಲಲ್ಲಿ ಮರೆಯ ಕೂರುತಾಣ: ಎರಡನೇ ಮಳೆಗೆ ಹಾಳಾಗದಂತೆ ಮಾಡುವ ಕ್ರಮ

ಮಂಗಳೂರು, ಉಡುಪಿ ಕಡೆ ಹೊಸ ಮನೆ ಕಟ್ಟಿದವರಲ್ಲಿ ಈ ಆಸೆ ಈಗ ಸಾಮಾನ್ಯ. ಗೇಟಿಗೂ ಕಾಣದ, ನೆರೆಮನೆಯ ಟೆರೇಸಿಗೂ ಕಾಣದ ಒಂದು ಹಸಿರು ಮೂಲೆ. ಸಂಜೆ ಚಾ ಹಿಡಿದುಕೊಂಡು ಹೋಗಿ ಕೂರಲಿಕ್ಕೆ. ದೀಪಾವಳಿ ಹೊತ್ತಿಗೆ ಬೆಂಚು ಬರುತ್ತದೆ, ನರ್ಸರಿಯಿಂದ ಗಿಡ ಬರುತ್ತದೆ, ವಾಟ್ಸಾಪಿನಲ್ಲಿ ಫೋಟೋವೂ ಬರುತ್ತದೆ. ಮುಂದಿನ ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಬೆಂಚಿನ ಕಾಲು ಕೆಸರಿನಲ್ಲಿ ಹೂತಿರುತ್ತದೆ. ಅದರಾಚೆಯ ವರ್ಷ ನೋಡಿದರೆ ಅದು ಒಡೆದ ಟೈಲ್ಸ್, ಒಣ ಮಡಲು ರಾಶಿ ಹಾಕುವ ಮೂಲೆಯಾಗಿರುತ್ತದೆ.

ಕೆಡುವ ಕಾರಣ ಹೆಚ್ಚಿನ ಕಡೆ ಒಂದೇ. ಬೆಂಚು ಮೊದಲು, ಗಿಡ ಆಮೇಲೆ, ನೀರಿನ ಯೋಚನೆ ಮಳೆ ಹಿಡಿದ ಮೇಲೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಊರಲ್ಲಿ ಈ ಕ್ರಮ ನಡೆಯುವುದಿಲ್ಲ. ಇಲ್ಲಿ ಮೊದಲು ನೀರು, ಆಮೇಲೆ ನೋಟ, ಆಮೇಲೆ ನೆಲ, ಅದರ ಮೇಲೆ ಮರೆ. ಬೆಂಚು ಕೊನೆಗೆ.

## ಬೇಕಾಗುವ ಸಾಮಾನು, ಹಿಡಿಯುವ ಸಮಯ

ಹಾರೆ, ಪಿಕ್ಕಾಸು, ಗುದ್ದಲಿ, ಬುಟ್ಟಿ, ಕತ್ತಿ. 50 ಅಡಿಯ ಟೇಪು, ನೂಲು, ಗೂಟ. ಮಟ್ಟ ನೋಡಲು ಮೇಸ್ತ್ರಿಗಳ ಹತ್ತಿರ ಇರುವ ಪಾರದರ್ಶಕ ನೀರಿನ ಪೈಪು. ಇವಲ್ಲದೆ ನಾಲ್ಕು ಬಿದಿರಿನ ಗಳ, ಎರಡು ಹಳೆ ಬೆಡ್‌ಶೀಟ್, ಒಂದು ಪ್ಲಾಸ್ಟಿಕ್ ಕುರ್ಚಿ. ಈ ಕೊನೆಯ ಮೂರು ಇಲ್ಲದೆ ಕೆಲಸ ಶುರು ಮಾಡಲೇಬೇಡಿ. ಯಾಕೆಂದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

ಒಂದೇ ತಿಂಗಳಲ್ಲಿ ಮುಗಿಸುವ ಹಟ ಬೇಡ. ಆಟಿಯಲ್ಲಿ ನೀರು ನೋಡಿ. ದಸರೆ ಕಳೆದು ಮಳೆ ಬಿಟ್ಟ ಮೇಲೆ, ನೆಲ ಇನ್ನೂ ಮೆತ್ತಗಿರುವಾಗಲೇ ಅಗೆತ ಮುಗಿಸಿ. ಜನವರಿಗೆ ಕಾದರೆ ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಪಿಕ್ಕಾಸಿಗೂ ಬಗ್ಗುವುದಿಲ್ಲ. ಕಲ್ಲಿನ ಕೆಲಸ ಡಿಸೆಂಬರಿನ ಹೊತ್ತಿಗೆ. ಗಿಡ ನೆಡುವುದು ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ನಾಲ್ಕೈದು ಮಳೆಗೆ ಮಣ್ಣು ನೆನೆದ ಮೇಲೆ. ಆ ಸಮಯ ತಪ್ಪಿದರೆ ಜುಲೈಯ ಜಡಿಮಳೆಯಲ್ಲಿ ನೆಡಬೇಡಿ, ಬೇರು ಕೊಳೆಯುತ್ತದೆ. ಸೆಪ್ಟೆಂಬರಿಗೆ ಕಾಯಿರಿ.

## ಹಂತ 1: ಆಟಿಯ ಮಳೆಯಲ್ಲಿ ಕೊಡೆ ಹಿಡಿದು ಒಂದು ಸುತ್ತು

ಜೋರು ಮಳೆ ಬಂದಾಗ ಕಾಂಪೌಂಡಿನ ಒಳಗೆ ಒಂದು ಸುತ್ತು ಹಾಕಿ. ಮಾಡಿನ (ಛಾವಣಿಯ) ನೀರು ಎಲ್ಲಿ ಬೀಳುತ್ತದೆ, ಮೇಲಿನ ಜಾಗದಿಂದ ಎಲ್ಲಿ ನುಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ನೋಡಿ ಗೂಟ ಹೊಡೆದಿಡಿ. ಮಳೆ ನಿಂತು ಅರ್ಧ ಗಂಟೆ ಕಳೆದ ಮೇಲೆ ಇನ್ನೊಮ್ಮೆ ಹೋಗಿ. ಆಗಲೂ ನೀರು ನಿಂತೇ ಇರುವ ಜಾಗ ನಿಮ್ಮ ಪಟ್ಟಿಯಿಂದ ಹೊರಗೆ.

ನಮ್ಮ ಹಿರಿಯರು ಗದ್ದೆಯನ್ನು ತಗ್ಗಿನದು ಬೈಲು, ನಡುವಿನದು ಮಜಲು, ಎತ್ತರದ್ದು ಬೆಟ್ಟು ಎಂದು ವಿಂಗಡಿಸುತ್ತಿದ್ದರಲ್ಲ, ಮನೆ ಜಾಗವನ್ನೂ ಹಾಗೆಯೇ ನೋಡಿ. ಉಡುಪಿ ಸುತ್ತ ಎಷ್ಟೋ ಮನೆಗಳು ಮಣ್ಣು ತುಂಬಿಸಿದ ಬೈಲು ಗದ್ದೆಯ ಮೇಲೆ ನಿಂತಿವೆ. ಮೇಲೆ ಕೆಂಪು ಮಣ್ಣು, ಕೆಳಗೆ ಜೇಡಿ. ಜುಲೈಯಲ್ಲಿ ಬಾವಿ ನೀರು ಕೈಗೆ ಸಿಗುವ ಇಂಥ ಜಾಗದಲ್ಲಿ ಇಂಗುಗುಂಡಿಯೂ ಕೆಲಸ ಮಾಡುವುದಿಲ್ಲ. ಅಲ್ಲಿ ಕೂರುತಾಣವನ್ನು ಎತ್ತರಿಸಿಯೇ ಕಟ್ಟಬೇಕು. ಬೆಟ್ಟು ಜಾಗವಾದರೆ ನೀರು ನಿಲ್ಲುವ ತೊಂದರೆ ಕಡಿಮೆ, ಎಪ್ರಿಲ್‌ನಲ್ಲಿ ಗಿಡ ಒಣಗುವ ತೊಂದರೆ ಜಾಸ್ತಿ. ಮಜಲು ಜಾಗದವರು ಪುಣ್ಯವಂತರು.

ಎಲ್ಲಿಯ ಜಾಗವಾದರೂ ಅಂತರ್ಜಾಲದಲ್ಲಿ ಕಾಣುವ, ನೆಲ ಅಗೆದು ತಗ್ಗಿನಲ್ಲಿ ಕೂರುವ ವಿನ್ಯಾಸ ಇಲ್ಲಿಗೆ ಬೇಡ. ಕರಾವಳಿಯಲ್ಲಿ ಅದು ಜೂನ್‌ನಿಂದ ಕೆರೆ.

## ಹಂತ 2: ಬೇಡದ ಜಾಗಗಳನ್ನು ಬಿಡುವುದು

8 ಅಡಿಗೆ 8 ಅಡಿ ಸಿಕ್ಕಿದರೆ ಇಬ್ಬರು ಆರಾಮವಾಗಿ ಕೂರಬಹುದು. ಐದು ಸೆಂಟ್ಸಿನ ಮನೆಯಲ್ಲೂ ಇಷ್ಟು ಹೊರಡುತ್ತದೆ. ಜಾಗ ಸಾಲದೆ ಕೆಟ್ಟದ್ದಕ್ಕಿಂತ ಜಾಗ ತಪ್ಪಿ ಕೆಟ್ಟದ್ದೇ ಹೆಚ್ಚು.

ತೆಂಗಿನ ಮರದ ಬುಡ ಬೇಡ. ನೆರಳು ಚೆಂದ ನಿಜ. ಆದರೆ ಕಾಯಿ, ಮಡಲು ಯಾವಾಗ ಬೀಳುತ್ತದೆ ಎಂದು ಹೇಳಿ ಬೀಳುವುದಿಲ್ಲ. ಹಲಸಿನ ಮರಕ್ಕೂ ಇದೇ ಮಾತು. ನುಗ್ಗೆಯ ಕೆಳಗೆ ಕೂತರೆ ಮಳೆಗಾಲದಲ್ಲಿ ಕಾಂಡ ಮುಚ್ಚುವಷ್ಟು ಕಂಬಳಿಹುಳ. ಮಾವು, ಗೇರು ಮರದಲ್ಲಿ ಚಗಳಿಯ (ಕಚ್ಚುವ ಕೆಂಪಿರುವೆಯ) ಗೂಡು ಉಂಟಾ ಎಂದು ಕತ್ತು ಎತ್ತಿ ನೋಡಿದ ಮೇಲೆಯೇ ಮುಂದಿನ ಮಾತು.

ಬಚ್ಚಲು ನೀರು ಬಾಳೆಬುಡಕ್ಕೆ ಹರಿಯುವ ಮೂಲೆ, ಶೌಚದ ಗುಂಡಿಯ ಆಸುಪಾಸು ಬೇಡ. ಈ ಎರಡೂ ಮೊದಲೇ ಮರೆಯಲ್ಲಿ ಇರುವುದರಿಂದ ಜನ ಅಲ್ಲಿಗೇ ಆಸೆಪಡುತ್ತಾರೆ. ನಾಗನ ಕಲ್ಲು, ಬನ ಇರುವ ಮೂಲೆಯಲ್ಲೂ ಮರೆ, ನೆರಳು, ತಂಪು ಎಲ್ಲ ತಯಾರಿರುತ್ತದೆ. ಅದನ್ನು ಅದರ ಪಾಡಿಗೆ ಬಿಡಿ. ಎಷ್ಟು ದೂರ ಬಿಡಬೇಕು ಎಂದು ಮನೆಯ ಹಿರಿಯರನ್ನು ಕೇಳಿ.

ಗುಡ್ಡ ಕಡಿದು ಮನೆ ಕಟ್ಟಿದವರಿಗೆ ಇನ್ನೊಂದು ಮಾತು. ದರೆಯ (ಕಡಿದ ಗುಡ್ಡದ ಗೋಡೆಯ) ಬುಡದಲ್ಲಿ ತಂಪಾದ ಮರೆ ಸಿಗುತ್ತದೆ, ಆದರೆ ದರೆ ಎಷ್ಟು ಎತ್ತರ ಉಂಟೋ ಕನಿಷ್ಠ ಅಷ್ಟು ದೂರ ಬಿಟ್ಟೇ ಕೂರಬೇಕು. ಮೇಲ್ಭಾಗದಲ್ಲಿ ಬಿರುಕು, ವಾಲಿದ ಮರ, ಬುಡದಿಂದ ಒಸರುವ ಕೆಸರು ನೀರು, ಹೊಟ್ಟೆ ಉಬ್ಬಿದ ಪಾಗಾರ (ಆವರಣ ಗೋಡೆ), ಈ ನಾಲ್ಕರಲ್ಲಿ ಒಂದು ಕಂಡರೂ ಅಲ್ಲಿ ಗಿಡವೂ ಬೇಡ, ಬೆಂಚೂ ಬೇಡ. ಎಂಜಿನಿಯರನ್ನು ಕರೆಸಿ.

## ಹಂತ 3: ಬೆಡ್‌ಶೀಟ್ ಕಟ್ಟಿ ನೋಟ ಅಳೆಯುವುದು

ದುಡ್ಡು ಉಳಿಯುವುದೂ ಪೋಲಾಗುವುದೂ ಇದೇ ಹಂತದಲ್ಲಿ. ಮರೆ ಎಂದ ಕೂಡಲೇ ಎಲ್ಲರೂ ಪಾಗಾರದ ಉದ್ದಕ್ಕೂ ಗಿಡ ನೆಡುತ್ತಾರೆ. ಗಿಡ ಮೂರು ವರ್ಷ ಬೆಳೆದ ಮೇಲೂ ನೆರೆಮನೆಯ ಮಹಡಿಯಿಂದ ನಿಮ್ಮ ಚಾ ಲೋಟ ಕಾಣುತ್ತಲೇ ಇರುತ್ತದೆ.

ಆರಿಸಿದ ಜಾಗದಲ್ಲಿ ಕುರ್ಚಿ ಇಟ್ಟು ಒಬ್ಬರು ಕೂರಿ. ಇನ್ನೊಬ್ಬರು ಗೇಟು, ರಸ್ತೆ, ಅಡುಗೆಮನೆ ಕಿಟಕಿ ಹೀಗೆ ಒಂದೊಂದು ಕಡೆ ನಿಂತು ಕೂತವರ ತಲೆ ಎಲ್ಲಿಂದ ಕಾಣುತ್ತದೆ ಎಂದು ಹೇಳಲಿ. ಸಾಧ್ಯವಾದರೆ ನೆರೆಮನೆಯವರನ್ನೇ ಕೇಳಿಕೊಂಡು ಅವರ ಮಹಡಿಯಿಂದಲೂ ನೋಡಿ. ನಾಲ್ಕೂ ಸುತ್ತ ಮುಚ್ಚಬೇಕಾದ ಜಾಗ ಅಪರೂಪ. ಸಾಧಾರಣವಾಗಿ ಎರಡು ದಿಕ್ಕು ಮುಚ್ಚಿದರೆ ಕೆಲಸ ಆಯ್ತು.

ಈಗ ಲೆಕ್ಕ. ಕೂತವರ ತಲೆ ನೆಲದಿಂದ ಸುಮಾರು 4 ಅಡಿ. ನೆರೆಮನೆಯ ಮಹಡಿ ಕಿಟಕಿಯಲ್ಲಿ ನಿಂತವರ ಕಣ್ಣು 15 ಅಡಿ ಎತ್ತರದಲ್ಲಿ, 30 ಅಡಿ ದೂರದಲ್ಲಿ ಉಂಟು ಎಂದುಕೊಳ್ಳಿ. ನಿಮ್ಮಿಂದ 20 ಅಡಿ ದೂರದ ಪಾಗಾರದ ಬಳಿ ಆ ನೋಟ ತಡೆಯಲು 11 ಅಡಿಗೂ ಮೀರಿದ ಗಿಡ ಬೇಕು. ಕುರ್ಚಿಯಿಂದ 3 ಅಡಿ ದೂರದಲ್ಲಿ ಅದೇ ನೋಟ ತಡೆಯಲು 5 ಅಡಿ ಚಿಲ್ಲರೆ ಸಾಕು. ಮರೆ ನಿಮ್ಮ ಹತ್ತಿರ ಬಂದಷ್ಟೂ ಸಣ್ಣದಾಗುತ್ತದೆ, ಅಗ್ಗವಾಗುತ್ತದೆ, ಬೇಗ ತಯಾರಾಗುತ್ತದೆ.

ಲೆಕ್ಕ ನಂಬಬೇಡಿ, ಗಳ ನೆಟ್ಟು ಬೆಡ್‌ಶೀಟ್ ಕಟ್ಟಿ ನೋಡಿ. ಎರಡು ದಿನ ಹಾಗೆಯೇ ಬಿಟ್ಟು, ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಒಳಗೆ ಕೂರಿ. ಬಿಸಿಲು ಎಲ್ಲಿಂದ ಬಡಿಯುತ್ತದೆ, ಗಾಳಿ ನಿಂತಿತಾ ಎಂದು ಗೊತ್ತಾಗುವುದು ಆಗಲೇ. ನಮ್ಮಲ್ಲಿ ಹಗಲು ಗಾಳಿ ಕಡಲಿನಿಂದ, ಪಡುವಣದಿಂದ ಬರುತ್ತದೆ. ಸಂಜೆಯ ಬಿಸಿಲೂ ಅಲ್ಲಿಂದಲೇ. ಬಿಸಿಲಿಗೆಂದು ಪಶ್ಚಿಮವನ್ನು ಪೂರ್ತಿ ಮುಚ್ಚಿದವರು ಆಮೇಲೆ ಒಳಗೆ ಫ್ಯಾನ್ ಹಾಕಲು ವಯರ್ ಎಳೆಯುತ್ತಾರೆ. ಆ ಕಡೆ ಒಂದೇ ಉದ್ದ ಗೋಡೆಯ ಬದಲು ಎರಡು ತುಂಡು ಮರೆ ಮಾಡಿ. ಒಂದರ ಹಿಂದೆ ಒಂದು, 3 ಅಡಿ ಅಂತರ, ತುದಿಗಳು ಒಂದನ್ನೊಂದು 3 ಅಡಿ ದಾಟಿರಬೇಕು. ನಡುವೆ ಗಾಳಿ ಬರುತ್ತದೆ, ಬಿಸಿಲು ಒಡೆಯುತ್ತದೆ. ಒಳಗೆ ಹೋಗುವ ದಾರಿಯನ್ನೂ ಅದರಲ್ಲೇ ಬಿಟ್ಟರೆ ಹೊರಗಿನವರಿಗೆ ಬಾಗಿಲೇ ಕಾಣುವುದಿಲ್ಲ.

## ಹಂತ 4: ನೀರಿಗೆ ದಾರಿ

ಜಾಗದ ಮೇಲ್ಬದಿಯಲ್ಲಿ, ನೀರು ಬರುವ ದಿಕ್ಕಿಗೆ ಅಡ್ಡಲಾಗಿ, ಒಂದಡಿ ಅಗಲ ಒಂದಡಿ ಆಳದ ತೋಡು ತೆಗೆಯಿರಿ. ಎರಡೂ ತುದಿ ಕೆಳಬದಿಗೆ ಬಾಗಿರಲಿ. ಪೈಪು ಹೂತು ಮೇಲೆ ಮಣ್ಣು ಮುಚ್ಚುವ ಉಪಾಯ ಕೆಲವರು ಹೇಳುತ್ತಾರೆ. ನಾನಂತೂ ತೆರೆದ ತೋಡಿನ ಪಕ್ಷ. ಕೆಂಪು ಮಣ್ಣಿನ ಹೂಳು, ದರಗು (ಒಣ ಎಲೆ) ಸೇರಿ ಪೈಪು ಕಟ್ಟಿಕೊಂಡರೆ ಎಲ್ಲಿ ಕಟ್ಟಿತು ಎಂದೇ ತಿಳಿಯುವುದಿಲ್ಲ. ತೆರೆದ ತೋಡನ್ನು ಮಳೆಯ ನಡುವೆಯೂ ಗುದ್ದಲಿಯಲ್ಲಿ ಎಳೆದು ಬಿಡಬಹುದು. ದಾರಿ ದಾಟುವಲ್ಲಿ ಮಾತ್ರ ಒಂದು ಚಪ್ಪಡಿ ಹಾಸಿ.

ತೋಡಿನ ನೀರು ಇದ್ದ ಚರಂಡಿಗೋ, ಬೆಟ್ಟು ಜಾಗವಾದರೆ ಇಂಗುಗುಂಡಿಗೋ ಹೋಗಲಿ. ಗುಂಡಿ ಮನೆಯ ಪಂಚಾಂಗದಿಂದ (ಅಡಿಪಾಯದಿಂದ) ಹತ್ತಡಿಯಾದರೂ ಆಚೆ ಇರಲಿ. ನೆರೆಯವರ ಕಡೆ ತಿರುಗಿಸಿದರೆ ಮರೆಯ ಜಾಗಕ್ಕಿಂತ ಮೊದಲು ಜಗಳ ತಯಾರಾಗುತ್ತದೆ. ಪಾಗಾರದಲ್ಲಿ ನೀರು ಹೋಗಲು ಬಿಟ್ಟ ತೂತುಗಳನ್ನು ಮಣ್ಣು ಏರಿಸುವಾಗ ಮುಚ್ಚಬೇಡಿ. ಹಿಂದೆ ನೀರು ತುಂಬಿದ ಪಾಗಾರ ಮಳೆಗಾಲದಲ್ಲಿ ಮಗುಚುತ್ತದೆ.

## ಹಂತ 5: ನೆಲ

"ಕಾಂಕ್ರೀಟ್ ಹಾಕಿ ಬಿಡುವ ಸಾರ್, ಒಂದೇ ದಿನದ ಕೆಲಸ" ಎಂದು ಮೇಸ್ತ್ರಿ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಇಂಗಲು ದಾರಿ ಇಲ್ಲದ ನೀರು ಗಿಡಗಳ ಬುಡಕ್ಕೆ ನುಗ್ಗುತ್ತದೆ, ಬೇರು ಬೆಳೆದಾಗ ಕಾಂಕ್ರೀಟ್ ಸೀಳುತ್ತದೆ, ಎರಡೇ ಮಳೆಗೆ ಮೇಲೆ ಕಪ್ಪು ಹಾವಸೆ.

ಮೇಲಿನ 6 ಇಂಚು ಮಣ್ಣು ತೆಗೆದು ಗಿಡಗಳಿಗೆಂದು ಬದಿಗಿಡಿ. ತಳಕ್ಕೆ ದಮ್ಮಸು ಹಾಕಿ, ಅಂದರೆ ಬಡಿದು ಗಟ್ಟಿ ಮಾಡಿ. ಅದರ ಮೇಲೆ ದಪ್ಪ ಜಲ್ಲಿ, ಮತ್ತೆ ದಮ್ಮಸು, ಮೇಲೆ 2 ಇಂಚು ಜಲ್ಲಿಹುಡಿ. ಅದರಲ್ಲಿ ಶಿಲೆಕಲ್ಲಿನ ಚಪ್ಪಡಿಗಳನ್ನು ಒಂದಿಂಚು ಸಂದು ಬಿಟ್ಟು ಕೂರಿಸಿ, ಸಂದಿಗೆ ಸಣ್ಣ ಜಲ್ಲಿ ತುಂಬಿ. ಮೇಲ್ಮೈ ಒರಟಾಗಿರಲಿ. ಪಾಲಿಶ್ ಮಾಡಿದ ಕಲ್ಲು ಅಂಗಡಿಯಲ್ಲಿ ಚೆಂದ, ಮಳೆಗಾಲದಲ್ಲಿ ಸೊಂಟಕ್ಕೆ ಅಪಾಯ. ಕೆಂಪುಕಲ್ಲು ಗೋಡೆಗೆ ಒಳ್ಳೆಯದು, ಕಾಲಡಿಗೆ ಅಲ್ಲ: ನೀರು ಹೀರಿ ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ, ಹಾವಸೆ ಕಟ್ಟುತ್ತದೆ.

ಇಳಿಜಾರು 10 ಅಡಿಗೆ 2 ಇಂಚು, ಮನೆಯಿಂದ ಆಚೆಗೆ. ಮುಗಿದ ನೆಲ ಸುತ್ತಲಿನ ಮಣ್ಣಿಗಿಂತ 4 ಇಂಚು ಎತ್ತರ ಇರಬೇಕು. ಬೈಲು ಜಾಗದಲ್ಲಿ ಒಂದಡಿ. ಒಂದು ಕೊಡ ನೀರು ನಡುವೆ ಸುರಿದು ನೋಡಿ. ಎಲ್ಲಾದರೂ ಅಂಗೈಯಗಲ ನಿಂತರೂ ಆ ಚಪ್ಪಡಿ ಎಬ್ಬಿಸಿ ಸರಿ ಮಾಡಿ. ಈಗ ಹತ್ತು ನಿಮಿಷದ ಕೆಲಸ, ಗಿಡ ಬಂದ ಮೇಲೆ ಅರ್ಧ ದಿನದ್ದು.

ಒಳಗೆ ಬರುವ ದಾರಿ 3 ಅಡಿ ಅಗಲ ಇರಲಿ. ಗಿಡದ ಬುಡ ದಾರಿಯ ಅಂಚಿನಿಂದ ಒಂದೂವರೆ ಅಡಿ ಆಚೆ. ಇಲ್ಲದಿದ್ದರೆ ಮಳೆ ನಿಂತ ಮೇಲೂ ಎಲೆಯ ನೀರು ಮೈಮೇಲೆಯೇ.

## ಹಂತ 6: ಮರೆಯ ಗಿಡ

ನನ್ನ ಮೊದಲ ಆಯ್ಕೆ ಊರಿನ ಕೇಪಳ (ಇಕ್ಸೋರಾ). ನಮ್ಮ ಹುಳಿ ಮಣ್ಣು ಅದಕ್ಕೆ ಹಿತ, ಬುಡದಿಂದಲೇ ದಟ್ಟವಾಗುತ್ತದೆ, ಆಳೆತ್ತರ ಬರುತ್ತದೆ. ನರ್ಸರಿಯಲ್ಲಿ ಕೇಳುವಾಗ ಹುಷಾರು: ತಟ್ಟೆಯಂತೆ ಹೂ ಬಿಡುವ ಸಣ್ಣೆಲೆಯ ಕುಳ್ಳ ಜಾತಿ ಕೊಟ್ಟರೆ ಅದು ಮೊಣಕಾಲಿನಿಂದ ಸೊಂಟದವರೆಗೆ ಬಂದು ನಿಲ್ಲುತ್ತದೆ. 2 ಅಡಿಗೆ ಒಂದರಂತೆ, ಸಾಲು ಹಾಕದೆ ಹಿಂದೆಮುಂದೆ ನೆಡಿ.

ಕೇಪಳದ ಬಗ್ಗೆ ಒಂದು ದೂರು ಪದೇ ಪದೇ ಬರುತ್ತದೆ: "ಎಲೆ ಹಳದಿಯಾಯ್ತು, ಗೊಬ್ಬರ ಹಾಕಿದ್ರೂ ಸರಿ ಆಗ್ಲಿಲ್ಲ." ಎಲೆಯನ್ನು ಹತ್ತಿರದಿಂದ ನೋಡಿ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಎಂದಾದರೆ ಅದು ಕಬ್ಬಿಣದ ಕೊರತೆ. ಗಿಡ ಹೊಸ ಸಿಮೆಂಟ್ ಗೋಡೆಗೆ ತಾಗಿಕೊಂಡೋ, ಮನೆ ಕಟ್ಟುವಾಗ ಸುಣ್ಣ, ಸಿಮೆಂಟ್ ಚೆಲ್ಲಿದ ಮಣ್ಣಿನಲ್ಲೋ ಇರುತ್ತದೆ. ಅಲ್ಲಿ ಮಣ್ಣಿನ ಹುಳಿ ಕಡಿಮೆಯಾಗಿ, ಇದ್ದ ಕಬ್ಬಿಣವೂ ಬೇರಿಗೆ ಸಿಗುವುದಿಲ್ಲ. ಗೋಡೆಯಿಂದ 2 ಅಡಿ ಬಿಟ್ಟು, ಗಾರೆ ಚೂರು ಹೆಕ್ಕಿ ತೆಗೆದು, ಹಂತ 5ರಲ್ಲಿ ಬದಿಗಿಟ್ಟ ಮೇಲ್ಮಣ್ಣನ್ನು ಇಲ್ಲಿ ತುಂಬಿ.

ಬೇಗ ಮರೆ ಬೇಕಾದವರು ನರ್ಸರಿಯವರು ಅರೆಕಾ ಪಾಮ್ ಎನ್ನುವ ಗುಂಪು ತಾಳೆಯನ್ನು 4 ಅಡಿಗೊಂದು ನೆಡಬಹುದು. ತೋಟದ ಅಡಿಕೆ ಅಂಚಿನಲ್ಲೇ ಇದ್ದರೆ ಕರಿಮೆಣಸಿನ ಬಳ್ಳಿ ಹಬ್ಬಿಸಿ. ಹಸಿರು ಕಂಬವೂ ಆಯ್ತು, ಸಾರಿಗೆ ಮೆಣಸೂ ಆಯ್ತು. ದಾಸವಾಳ, ನಂದಿಬಟ್ಟಲು ನಡುವೆ ತುಂಬಲು ಒಳ್ಳೆಯದು. ಬಿದಿರಿನ ಆಸೆ ಇದ್ದರೆ ಗುಂಪಾಗಿ ಬೆಳೆಯುವ ತೆಳು ಜಾತಿಯನ್ನೇ ಕೇಳಿ ತನ್ನಿ, ಪಾಗಾರದಿಂದ ದೂರ ಇಡಿ. ಫೈಕಸ್ ಬೇಡ, ಅದರ ಬೇರಿಗೆ ಗೋಡೆ ಲೆಕ್ಕಕ್ಕಿಲ್ಲ.

ಮಕ್ಕಳಿರುವ ಮನೆಯಲ್ಲಿ ಕಣಗಿಲೆ ಬೇಡ, ಅದರ ಎಲ್ಲ ಭಾಗವೂ ವಿಷ. ಉಳ್ಳಾಲ, ಪಣಂಬೂರು, ಮಲ್ಪೆ, ಕಾಪು ಕಡೆಯ ಕಡಲ ಬದಿಯವರು ಪಡುವಣ ಅಂಚಿಗೆ ಸುರಹೊನ್ನೆಯಂಥ ಉಪ್ಪುಗಾಳಿ ತಾಳುವ ಮರ ಮೊದಲು ಬೆಳೆಸಿ, ಅದರ ಹಿಂದೆ ಉಳಿದದ್ದು. ಎಲೆಯ ಅಂಚು ಕಡಲಿನ ಕಡೆ ಮಾತ್ರ ಕಂದಾಗುತ್ತಿದ್ದರೆ ಅದು ರೋಗವಲ್ಲ, ಉಪ್ಪು.

ನೆಡುವಾಗ ಗುಂಡಿಯ ಮೇಲೆ ಅರ್ಧ ಅಡಿ ದಿಬ್ಬ ಮಾಡಿ ನೆಡಿ. ತೆಂಗಿಗೆ ಮಾಡಿದ ಹಾಗೆ ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಬೇಸಿಗೆಗೆ ಸರಿ, ಜೂನ್‌ಗೆ ಅದನ್ನು ಒಡೆಯಬೇಕು. ಬೇಸಿಗೆಯಲ್ಲಿ ದರಗು, ತೆಂಗಿನ ಸಿಪ್ಪೆ ಬುಡಕ್ಕೆ ಹಾಕಿ, ಸಿಪ್ಪೆಯ ಗುಳಿ ಕೆಳಮುಖವಾಗಿರಲಿ.

ಗಿಡ ಬೆಳೆಯುವವರೆಗೆ ಏನು ಮಾಡುವುದು? ತೆಂಗಿನ ಮಡಲಿನ ತಟ್ಟಿ ಕಟ್ಟಿ. ಪ್ಲಾಸ್ಟಿಕ್ ಹಸಿರು ನೆಟ್‌ಗಿಂತ ನೋಡಲು ಎಷ್ಟೋ ವಾಸಿ, ಹೋದರೆ ಗೊಬ್ಬರ.

## ಹಂತ 7: ಕೂರುವ ಕಲ್ಲು, ತಲೆಯ ಮೇಲೆ ನೆರಳು

ಮರದ ಬೆಂಚಿಗೆ ಮಳೆ ಮತ್ತು ಒರಲೆ ಎರಡೂ ಶತ್ರು. ಎರಡು ಕೆಂಪುಕಲ್ಲಿನ ಗಿಡ್ಡ ಕಂಬ, ಮೇಲೆ ಶಿಲೆಕಲ್ಲಿನ ಹಲಗೆ, ಎತ್ತರ 16ರಿಂದ 18 ಇಂಚು, ಅಷ್ಟೇ. ಮೆತ್ತೆ ಬೇಕಾದರೆ ಮನೆಯಿಂದ ತಂದು ವಾಪಸ್ ಒಯ್ಯಿರಿ.

ಮೇಲಿನಿಂದ ಬೀಳುವ ನೋಟಕ್ಕೂ ಬಿಸಿಲಿಗೂ ಒಂದು ಚಪ್ಪರ ಸಾಕು. ಬಸಳೆ ಚಪ್ಪರವನ್ನೇ ಏಳಡಿಗೆ ಏರಿಸಿದರೆ ನವೆಂಬರಿನಿಂದ ಮೇವರೆಗೆ, ಕೂರುವ ಕಾಲದಲ್ಲಿಯೇ, ನೆರಳು ಸಿಗುತ್ತದೆ. ಕೊಯ್ಯಲು ಸ್ಟೂಲ್ ಬೇಕು ಎಂದು ಅಮ್ಮ ಗೊಣಗಬಹುದು. ಶಾಶ್ವತಕ್ಕಾದರೆ ಪಾರಿಜಾತ ಅಥವಾ ಪೇರಳೆ. ಪೇರಳೆ ಹಣ್ಣಾದಾಗ ಬಾವಲಿಗಳ ಗಲಾಟೆ ಒಪ್ಪಿಕೊಳ್ಳಬೇಕು.

## ಹಂತ 8: ಬೆಳಕು

12 ವೋಲ್ಟಿನ ಎಲ್‌ಇಡಿ, ಮೊಣಕಾಲಿನ ಎತ್ತರದಲ್ಲಿ, ಹಳದಿ ಬಣ್ಣದ್ದು, ದಾರಿಯ ತಿರುವಿಗೆ ಒಂದು, ಒಳಗೆ ಒಂದು. ಟ್ರಾನ್ಸ್‌ಫಾರ್ಮರ್ ಮನೆಯೊಳಗೆ, ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಕಡ್ಡಾಯ. ಎಪ್ರಿಲ್, ಮೇ, ಅಕ್ಟೋಬರಿನ ಸಂಜೆ ಗುಡುಗು ಕೇಳಿದರೆ ಎದ್ದು ಮನೆಯೊಳಗೆ ಬನ್ನಿ. ಮರಗಳ ನಡುವೆ ಕೂತಿರುವ ಸಮಯ ಅದಲ್ಲ.

## ಸೊಳ್ಳೆ, ಹಾವು

ಮಂಗಳೂರಿಗೆ ಮಲೇರಿಯಾ ಹಳೆಯ ತಲೆನೋವು. ಅದನ್ನು ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲೂ ಮರಿ ಮಾಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಒಂದು ಸುತ್ತು. ಬಿದ್ದ ಅಡಿಕೆ ಹಾಳೆ, ಮೇಲ್ಮುಖವಾದ ಗೆರಟೆ, ಕುಂಡದ ತಟ್ಟೆ, ಕಡಿದ ಬಿದಿರಿನ ಕೊಳವೆ, ಇವನ್ನು ಮಗುಚಿ. ಬಿದಿರನ್ನು ಗೆಣ್ಣಿನ ಮೇಲೆಯೇ ಕಡಿದರೆ ನೀರು ನಿಲ್ಲುವುದಿಲ್ಲ. ತಾವರೆಯ ತೊಟ್ಟಿ ಬೇಕೇ ಬೇಕೆಂದರೆ ಗಪ್ಪಿ ಮೀನು ಬಿಡಿ, ಅದು ಆಗದವರು ತೊಟ್ಟಿಯ ಆಸೆ ಬಿಡಿ.

ಹಾವಿಗೆ ಬೇಕಾದ್ದು ಕತ್ತಲೆ, ಸಂದು, ಇಲಿ. ಗಿಡಗಳ ಬುಡದಿಂದ ಒಂದಡಿ ಎತ್ತರದವರೆಗೆ ಬೆಂಚಿನ ಕಡೆಯ ಕೊಂಬೆ ಸವರಿ, ನೆಲ ಕಾಣುವಂತಿರಲಿ. ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಗೋಡೆ ಬೆಂಚಿನ ಬೆನ್ನಿಗೆ ಬೇಡ. ಮಡಲು, ಸಿಪ್ಪೆ ರಾಶಿ ಇನ್ನೊಂದು ಮೂಲೆಗೆ ಹೋಗಲಿ. ರಾತ್ರಿ ಟಾರ್ಚ್ ಇಲ್ಲದೆ ಒಳಗೆ ಕಾಲಿಡಬೇಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಏನೂ ಬೇಡ, ನೇರ ಆಸ್ಪತ್ರೆಗೆ.

## ಕೆಡುವ ಮೊದಲು ಕಾಣುವ ಗುರುತುಗಳು

ಚಪ್ಪಡಿಯ ಸಂದಿನಿಂದ ಕೆಂಪು ಹುಡಿ ಮೇಲೆ ಬರುತ್ತಿದ್ದರೆ ತಳದಲ್ಲಿ ನೀರು ಹರಿಯುತ್ತಿದೆ. ಮೇಲಿನ ತೋಡು ಕಟ್ಟಿಕೊಂಡಿರಬೇಕು. ಮಳೆ ನಿಂತ ಮರುದಿನವೂ ಒಳಗೆ ಹಳಸಲು ವಾಸನೆ ಇದ್ದರೆ ಗಾಳಿ ಸಾಲದು, ಪಡುವಣ ಮರೆಯ ಕೆಳಗಿನ ಕೊಂಬೆ ತೆಗೆಯಿರಿ. ಬೆಂಚಿನ ಕಂಬದ ಮೇಲೆ ಮಣ್ಣಿನ ಗೆರೆ ಏರಿದ್ದರೆ ಒರಲೆ. ಗೆರೆ ಒರೆಸಿ ಸುಮ್ಮನಿರಬೇಡಿ, ಹತ್ತಿರದ ಒಣ ಸೌದೆ, ಹಳೆ ಬೇರು ಹುಡುಕಿ ತೆಗೆಯಿರಿ.

ಹಾವಸೆಗೆ ಬ್ಲೀಚಿಂಗ್ ಪೌಡರ್ ಎರಚುವ ರೂಢಿ ಉಂಟು. ತೊಳೆದ ನೀರು ಕೇಪಳದ ಬುಡಕ್ಕೆ ಹೋಗುತ್ತದೆ, ಅಲ್ಲಿಂದ ಬಾವಿಗೂ ಹೋಗಬಹುದು. ಬಿಸಿಲು ಬಿದ್ದ ದಿನ ಹೊಯ್ಗೆ (ಮರಳು) ಚೆಲ್ಲಿ, ಹಳೆಯ ಗಟ್ಟಿ ಹಿಡಿಸೂಡಿಯಲ್ಲಿ ತಿಕ್ಕಿ. ಆಟಿಯಲ್ಲಿ ಎರಡು ಸಲ, ಅದರ ಮುಂದಿನ ತಿಂಗಳಾದ ಸೋಣದಲ್ಲಿ ಒಂದು ಸಲ ಮಾಡಿದರೆ ನವರಾತ್ರಿಯ ಹೊತ್ತಿಗೆ ಕಾಲು ಜಾರದೆ ಹೋಗಿ ಕೂರಬಹುದು.